ಘಟ್ಟ ಹತ್ತಿದ ಮಾಣಿಗಳು

ಕುಂದಾಪುರದಿಂದ ಹೊರಟ ಬಸ್ಸು ಸಿದ್ದಾಪುರ, ಹೊಸಂಗಡಿಗಳನ್ನು ದಾಟಿ ಬಾಳೆಬರೆ ಘಟ್ಟದ ಬುಡಕ್ಕೆ ಬರುವ ಹೊತ್ತಿಗೆ ತೆಂಗಿನ ತೋಟಗಳೆಲ್ಲ ಹಿಂದೆ ಸರಿದು ಎರಡೂ ಕಡೆ ಕಾಡು ಕವಿದುಕೊಳ್ಳುತ್ತದೆ. ತಿರುವಿನ ಮೇಲೆ ತಿರುವು. ಚಾಲಕ ಗೇರು ಬದಲಿಸುತ್ತ, ಹಾರ್ನು ಹಾಕುತ್ತ, ಎದುರಿನ ಲಾರಿಗೆ ದಾರಿ ಬಿಡುತ್ತ ಮೇಲೇರುತ್ತಾನೆ. ದಾರಿಯಲ್ಲಿ ಸಿಗುವ ಚಂಡಿಕಾಂಬಾ ದೇವಿಗೆ ಒಂದು ಕೈ ಮುಗಿದು ಮುಂದೆ ಹೋದರೆ ಹುಲಿಕಲ್ಲು. ಅಲ್ಲಿಂದ ಸ್ವಲ್ಪ ದೂರಕ್ಕೆ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ.

ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸೀಮೆಗಳಲ್ಲಿ ಇದೂ ಒಂದು. ಆಷಾಢ, ಶ್ರಾವಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ವಾಹನಗಳು ದೀಪ ಹಚ್ಚಿಕೊಂಡೇ ಓಡಾಡುತ್ತವೆ. ಇಂಥ ದಿನ ಘಟ್ಟ ಹತ್ತಿ ಬಂದವನಿಗೆ ಮೊದಲು ನೆನಪಾಗುವುದು ಹೋಟೆಲು. ತಲೆಗೆ ಟವೆಲ್ ಹೊದ್ದು, ಛತ್ರಿ ಮಡಿಸಿ ಬಾಗಿಲ ಬಳಿ ಒರಗಿಸಿ, ಬೆಂಚಿನ ಮೇಲೆ ಕೂರುವ ಮೊದಲೇ ಆತ ಕೇಳುತ್ತಾನೆ: ‘ಭಟ್ರೇ, ಬಿಸಿ ಎಂತ ಇದೆ?’

ಘಟ್ಟದ ತಲೆಯ ಯಾವ ಊರಿನ ಹೋಟೆಲಿನಲ್ಲಿ ಕೂತರೂ, ಇಲ್ಲಷ್ಟೇ ಏಕೆ, ರಾಜ್ಯದ ಯಾವ ಊರಿನಲ್ಲಿ ಕೂತರೂ, ಒಂದಲ್ಲ ಒಂದು ದಿನ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. ತಟ್ಟೆಯ ಮುಂದೆ ಕೂತ ಮಗನಿಗೆ ಅಮ್ಮ ಮೆಲ್ಲಗೆ ಹೇಳುವ ಮಾತು ಅದು: ‘ಸರಿಯಾಗಿ ಓದು. ಇಲ್ಲದಿದ್ದರೆ ನೀನೂ ಹೀಗೇ ಲೋಟ ತೊಳೀಬೇಕಾಗುತ್ತೆ ನೋಡು.’

ಕನ್ನಡದ ಮನೆಗಳಲ್ಲಿ ಈ ಮಾತನ್ನು ಕೇಳದೆ ಬೆಳೆದ ಮಕ್ಕಳು ಕಡಿಮೆ. ಹೇಳುವ ತಂದೆತಾಯಿಗೆ ಮಗುವಿನ ಮೇಲೆ ಅಕ್ಕರೆಯೇ ಹೊರತು ಲೋಟ ತೊಳೆಯುವವನ ಮೇಲೆ ದ್ವೇಷವಿಲ್ಲ. ಆದರೂ ಲೋಟ ತೊಳೆಯುತ್ತಿದ್ದವನ ಕಥೆ ಏನು, ಅವನು ಎಲ್ಲಿಂದ ಬಂದ, ಎಲ್ಲಿಗೆ ಹೋದ ಎಂದು ಒಮ್ಮೆ ವಿಚಾರಿಸಿದರೆ ಈ ಮಾತಿನಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಎಂಬುದು ತಿಳಿಯುತ್ತದೆ. ಅದಕ್ಕೆ ಮಾಸ್ತಿಕಟ್ಟೆ ಒಳ್ಳೆಯ ಜಾಗ. ಏಕೆಂದರೆ ನಗರಗಳ ಹೋಟೆಲುಗಳನ್ನು ಕಟ್ಟಿದ ಕೈಗಳು ಹುಟ್ಟಿದ ಸೀಮೆ ಈ ಘಟ್ಟದ ಕೆಳಗೇ ಇದೆ.

ಒಂದು ತಟ್ಟೆ, ಎರಡು ಸೀಮೆ

ಮಾಸ್ತಿಕಟ್ಟೆ ದೊಡ್ಡ ಊರಲ್ಲ. ಒಂದು ದಾರಿ ತೀರ್ಥಹಳ್ಳಿಯತ್ತ, ಒಂದು ದಾರಿ ನಗರ, ಹೊಸನಗರಗಳತ್ತ, ಒಂದು ದಾರಿ ಘಟ್ಟ ಇಳಿದು ಕುಂದಾಪುರದತ್ತ. ಈ ಊರಿನ ಹೆಸರು ದೂರದವರಿಗೆ ಪರಿಚಯವಾದದ್ದು ವಾರಾಹಿ ಜಲವಿದ್ಯುತ್ ಯೋಜನೆಯಿಂದ. ಹತ್ತಿರದ ಮಾಣಿ ಎಂಬಲ್ಲಿ ವಾರಾಹಿ ನದಿಗೆ ಅಣೆಕಟ್ಟು ಕಟ್ಟಿ, ನೀರನ್ನು ಘಟ್ಟದ ಕೆಳಗೆ ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಹರಿಸಲಾಯಿತು. ತಲಾ 115 ಮೆಗಾವಾಟ್‌ನ ಮೊದಲ ಎರಡು ಘಟಕಗಳು 1989-90ರ ಸುಮಾರಿಗೆ ತಿರುಗಲು ತೊಡಗಿದವು. ಅಷ್ಟೇ ಸಾಮರ್ಥ್ಯದ ಇನ್ನೆರಡು ಘಟಕಗಳು 2009ರಲ್ಲಿ ಸೇರಿ ಒಟ್ಟು 460 ಮೆಗಾವಾಟ್ ಆಯಿತು. ಕರ್ನಾಟಕ ವಿದ್ಯುತ್ ನಿಗಮದ ವಸತಿ ಕಾಲೊನಿ ಮಾಸ್ತಿಕಟ್ಟೆಯಲ್ಲೇ ಬಂತು. ಕಾಡಿನ ನಡುವಿನ ಊರಿಗೆ ಎಂಜಿನಿಯರುಗಳು, ಮೆಕ್ಯಾನಿಕ್‌ಗಳು, ಲಾರಿ ಚಾಲಕರು, ಕಲ್ಲು ಕೆಲಸದವರು ಬಂದರು. ಹೀಗೆ ಮನೆ ಬಿಟ್ಟು ಬಂದ ಜನ ಇದ್ದಲ್ಲಿ ಚಹಾ ಮತ್ತು ಊಟದ ಅಂಗಡಿ ಇರಲೇಬೇಕು.

ಇಂಥ ಊರುಗಳ ಹೋಟೆಲಿನ ತಟ್ಟೆಯನ್ನು ನೋಡಿದರೆ ಎರಡು ಸೀಮೆಗಳು ಅಲ್ಲಿ ಕೂಡಿರುವುದು ಕಾಣುತ್ತದೆ. ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಇವೆಲ್ಲ ಘಟ್ಟದ ಮೇಲಿನವು. ಸಾಗರ, ಹೊಸನಗರಗಳ ಹೊಳೆಯಂಚಿನ ಮರಗಳಲ್ಲಿ ಬಿಡುವ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಗೋಳಿಬಜೆ, ಬನ್ಸ್, ನೀರುದೋಸೆ ಘಟ್ಟದ ಕೆಳಗಿನಿಂದ ಬಂದವು. ಕರಾವಳಿಯ ಮೀನೂ ಇದೇ ದಾರಿಯಲ್ಲಿ ಮೇಲೇರಿ ಬಂದು ಮೀನೂಟದ ಹೋಟೆಲುಗಳ ಬಾಣಲೆ ಸೇರುತ್ತದೆ.

ಹಿಂದಿನ ಕಾಲದಲ್ಲಿ ಮಲೆನಾಡಿನಲ್ಲಿ ಅನ್ನ ಮಾರುವುದೆಂದರೆ ಮುಖ ಸಿಂಡರಿಸುವವರಿದ್ದರು. ದಾರಿಹೋಕ ಬಂದರೆ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಊಟಕ್ಕೆ ಎಬ್ಬಿಸುವುದು ಮನೆತನದ ರೀತಿ. ರಸ್ತೆ ಬಂದು, ಬಸ್ಸು ಬಂದು, ದಿನಕ್ಕೆ ನೂರು ಜನ ದಾರಿಹೋಕರಾದ ಮೇಲೆ ಯಾವ ಮನೆಯ ಕಣಜ ತಾನೇ ಸಾಕಾದೀತು? ಆ ಜಾಗಕ್ಕೆ ಹೋಟೆಲು ಬಂತು.

ಹಿಟ್ಟು ಉಬ್ಬುವ ರಾತ್ರಿ

ಬೆಳಿಗ್ಗೆ ಏಳಕ್ಕೆ ಇಡ್ಲಿ ತಿನ್ನುವವನಿಗೆ ಅದರ ಕೆಲಸ ಹಿಂದಿನ ದಿನವೇ ಶುರುವಾಗಿದೆ ಎಂಬುದು ಹೊಳೆಯುವುದಿಲ್ಲ. ಮಧ್ಯಾಹ್ನ ಉದ್ದು, ಅಕ್ಕಿ ನೆನೆಹಾಕಬೇಕು. ಸಂಜೆ ರುಬ್ಬಬೇಕು. ರಾತ್ರಿಯಿಡೀ ಹಿಟ್ಟು ಹುಳಿ ಬರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಬೇಕು.

ಇಲ್ಲಿ ವಿಜ್ಞಾನದ ಪಾಠವೊಂದಿದೆ. ಹಿಟ್ಟನ್ನು ಉಬ್ಬಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಹಿಟ್ಟಿನ ಸಕ್ಕರೆಯನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತದೆ. ಹುಳಿ ಬರುವುದು ಆಮ್ಲದಿಂದ, ಉಬ್ಬುವುದು ಅನಿಲದಿಂದ. ಉದ್ದಿನ ಹಿಟ್ಟು ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಕೆಲಸ ಚೆನ್ನಾಗಿ ನಡೆಯಲು ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಕುಂದಾಪುರದ ಸೆಕೆಯಲ್ಲಿ ಅದು ತಾನಾಗಿ ಆಗುತ್ತದೆ. ಘಟ್ಟದ ಮೇಲಿನ ಮಳೆಗಾಲದ ಚಳಿಯಲ್ಲಿ ಆಗದು. ಹಾಗಾಗಿ ಇಲ್ಲಿಯ ಅಡುಗೆಯವರು ಹಿಟ್ಟಿನ ಪಾತ್ರೆಯನ್ನು ಆರಿದ ಒಲೆಯ ಪಕ್ಕ ಇಡುತ್ತಾರೆ, ಮೇಲೆ ಗೋಣಿ ಹೊದಿಸುತ್ತಾರೆ, ರುಬ್ಬುವ ಹೊತ್ತನ್ನು ಹಿಂದಕ್ಕೆ ತರುತ್ತಾರೆ. ಯಾವ ಪುಸ್ತಕವನ್ನೂ ನೋಡದೆ, ಕೈಯನ್ನು ಹಿಟ್ಟಿನಲ್ಲಿ ಅದ್ದಿ, ‘ಇನ್ನೊಂದು ಗಂಟೆ ಬೇಕು’ ಎಂದು ಹೇಳಬಲ್ಲ ಅಡುಗೆ ಭಟ್ಟರ ಜ್ಞಾನ ವರ್ಷಗಟ್ಟಲೆ ಅಭ್ಯಾಸದಿಂದ ಬಂದದ್ದು.

ಅಡುಗೆಮನೆಯಲ್ಲಿ ಈ ಜ್ಞಾನಕ್ಕೆ ತಕ್ಕ ಮೆಟ್ಟಿಲುಗಳಿವೆ. ಹೊಸದಾಗಿ ಸೇರಿದವ ಮೇಜು ಒರೆಸುತ್ತಾನೆ, ಲೋಟ ತೊಳೆಯುತ್ತಾನೆ. ಆಮೇಲೆ ಸಪ್ಲೈಗೆ ಬರುತ್ತಾನೆ. ಹತ್ತು ಮೇಜಿನ ಲೆಕ್ಕ ತಲೆಯಲ್ಲಿಟ್ಟುಕೊಳ್ಳುವುದನ್ನು ಕಲಿಯುತ್ತಾನೆ. ಒಳಗೆ ಹೋದರೆ ತರಕಾರಿ ಹೆಚ್ಚುವುದು, ಚಟ್ನಿ, ಸಾಂಬಾರು. ಕಾವಲಿಯ ಮುಂದೆ ನಿಲ್ಲುವ ಅಧಿಕಾರ ಸಿಗಲು ಬಹಳ ದಿನ ಬೇಕು. ಕಾದ ಕಾವಲಿಗೆ ನೀರು ಚಿಮುಕಿಸಿ, ಏಳುವ ಸದ್ದಿನಿಂದಲೇ ಹದ ತಿಳಿಯುವುದು ಆ ಮೆಟ್ಟಿಲಿನ ವಿದ್ಯೆ. ಕೊನೆಯ ಮೆಟ್ಟಿಲು ಗಲ್ಲಾ.

‘ಮಾಣಿ’ ಎಂಬ ಮಾತು

ನಗರದ ಹೋಟೆಲುಗಳಲ್ಲಿ ತಿಂಡಿ ತಂದುಕೊಡುವವನನ್ನು ‘ಮಾಣಿ’ ಎಂದು ಕರೆಯುವ ರೂಢಿ ಬಹುಕಾಲ ಇತ್ತು. ಕೆಲವರ ಬಾಯಲ್ಲಿ ಅದು ಸದರದ ಮಾತಾಗಿಯೂ ಹೋಯಿತು. ಆದರೆ ಕುಂದಾಪುರ, ಕೋಟ, ಸಾಲಿಗ್ರಾಮಗಳ ಕಡೆ ಮಾಣಿ ಎಂದರೆ ಹುಡುಗ. ತಾಯಿ ಮಗನನ್ನು ಅಕ್ಕರೆಯಿಂದ ‘ಮಾಣೀ’ ಎಂದೇ ಕರೆಯುತ್ತಾಳೆ. ಹಳಗನ್ನಡಕ್ಕೆ ಹೋದರೆ ಮಾಣಿ ಎಂದರೆ ವಟು, ಬ್ರಹ್ಮಚಾರಿ. ಅಂದರೆ ಗುರುವಿನ ಬಳಿ ಕಲಿಯುವ ವಿದ್ಯಾರ್ಥಿ!

ಮನೆಯಲ್ಲಿ ಮಗನಾಗಿದ್ದ ಮಾಣಿ ಹೋಟೆಲಿನ ಮಾಣಿಯಾದದ್ದು ಏಕೆ? ಕಾರಣ ಬಡತನ. ಕರಾವಳಿಯ ಕೃಷಿ ಆಗ ಒಂದು ಮಳೆಯನ್ನು ನಂಬಿದ್ದು. ಮನೆ ತುಂಬ ಮಕ್ಕಳು, ಹಿಡಿಯಷ್ಟು ಗದ್ದೆ. ಹಲವು ಮನೆಗಳಿಗೆ ದೇವಸ್ಥಾನದ ಅಡುಗೆ, ಮಠದ ಅಡುಗೆ ಗೊತ್ತಿತ್ತು. ಉಡುಪಿಯ ಕೃಷ್ಣಮಠದಲ್ಲಿ ದಿನವೂ ನಡೆಯುವ ದೊಡ್ಡ ಪಂಕ್ತಿಯೂಟ ಒಂದು ಬಗೆಯ ಅಡುಗೆ ಶಾಲೆಯೇ ಆಗಿತ್ತು. ಹೀಗಾಗಿ ನಾಲ್ಕೋ ಐದೋ ತರಗತಿ ಓದಿದ ಹುಡುಗ, ಪರಿಚಯದವರೊಬ್ಬರ ಕೈ ಹಿಡಿದು ಬೆಂಗಳೂರಿಗೋ ಮದರಾಸಿಗೋ ಮುಂಬಯಿಗೋ ಹೋಗುತ್ತಿದ್ದ. ಕೆಲವರು ಘಟ್ಟ ಹತ್ತಿ ತೀರ್ಥಹಳ್ಳಿ, ಸಾಗರ, ಶಿವಮೊಗ್ಗಗಳಲ್ಲಿ ನಿಂತರು. 1974ರ ಭೂಸುಧಾರಣೆಯ ನಂತರ ಗೇಣಿಯ ಅಕ್ಕಿಯನ್ನು ನಂಬಿದ್ದ ಹಲವು ಮನೆಗಳವರೂ ಹೋಟೆಲಿನತ್ತ ಮುಖ ಮಾಡಿದರು.

ಊರು ಕಟ್ಟಿದವರು

ಹೀಗೆ ಹೊರಟವರಲ್ಲಿ ಕೆಲವರ ಹೆಸರು ಇಂದು ಇತಿಹಾಸ. ಕೋಟ ಸೀಮೆಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದು ಅಡುಗೆಯವರಾಗಿ. 1924ರಲ್ಲಿ ಅವರು ಲಾಲ್‌ಬಾಗಿನ ಸಮೀಪ ಒಂದು ಸಣ್ಣ ಕಾಫಿ ಕ್ಲಬ್ ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಜನರ ಬಾಯಲ್ಲಿ ಎಂ.ಟಿ.ಆರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ಇವರೇ. ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ, ಅಲ್ಲಿಯ ಹೋಟೆಲುಗಳ ಶುಚಿತ್ವ ಕಂಡು ಬಂದರು. ಮರಳಿದ ಮೇಲೆ ತಮ್ಮ ಅಡುಗೆಮನೆಯ ಪಾತ್ರೆ ತೊಳೆಯುವ ಕ್ರಮವನ್ನೇ ಬದಲಿಸಿದರು. ಬೇರೆಯವರು ಕೀಳೆಂದು ತಿಳಿಯುವ ಲೋಟ ತೊಳೆಯುವ ಕೆಲಸಕ್ಕೆ ಅವರು ಕೊಟ್ಟ ಗಮನ ಅಷ್ಟು. ಗ್ರಾಹಕರು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದು ಎಂಬ ಪದ್ಧತಿಯೂ ಅಲ್ಲಿ ಬಂತು.

ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿತು. ಆ ಬೆಲೆಗೆ ತಕ್ಕಂತೆ ರುಚಿ ಇಳಿಸಲು ಒಪ್ಪದ ಎಂ.ಟಿ.ಆರ್., ಪ್ರತಿದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಪ್ರಕಟಿಸಿತು. ಕೊನೆಗೆ 1976ರಲ್ಲಿ ಬಾಗಿಲು ಮುಚ್ಚಿತು. ನೌಕರರ ಕೈಗೆ ಕೆಲಸ ಬೇಕಲ್ಲ? ಮಸಾಲೆ ಪುಡಿ, ತಿಂಡಿ ಮಿಶ್ರಣಗಳ ಪೊಟ್ಟಣಗಳ ವ್ಯಾಪಾರ ಬೆಳೆದದ್ದು ಹಾಗೆ. ಹೋಟೆಲು 1984ರಲ್ಲಿ ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು.

ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಕಥೆಯೂ ಇದೇ ಸೀಮೆಯದು. 1943ರ ಸುಮಾರಿಗೆ ಸಾಲಿಗ್ರಾಮ ಕಡೆಯ ಉರಾಳರು ಆರಂಭಿಸಿದ ಈ ಹೋಟೆಲಿಗೆ ಆ ಹೆಸರು ಬಂದದ್ದು ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದುದರಿಂದ. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರೂ ಕುಂದಾಪುರದ ಕಡೆಯವರೇ. ಅತ್ತ ಮದರಾಸಿನಲ್ಲಿ, ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಂತು. ಊರು ಬಿಟ್ಟು ಓದಲು, ದುಡಿಯಲು ಬಂದ ಎಷ್ಟೋ ಯುವಕರಿಗೆ ಮನೆಯೂಟದ ನೆನಪು ಮರೆಯದಂತೆ ನೋಡಿಕೊಂಡದ್ದು ಇಂಥ ಬೋರ್ಡಿಂಗುಗಳು.

ಯಾರು ಕೂತು ಉಣ್ಣಬಹುದಿತ್ತು?

ಈ ಕಥೆಯಲ್ಲಿ ಹೆಮ್ಮೆಪಡುವ ಸಂಗತಿಗಳಂತೆ ತಲೆತಗ್ಗಿಸುವ ಸಂಗತಿಗಳೂ ಇವೆ. ಮಕ್ಕಳಿಗೆ ಎರಡನ್ನೂ ಹೇಳಬೇಕು. ಮೊದಲ ಕಾಲದ ಕಾಫಿ ಕ್ಲಬ್ಬುಗಳಲ್ಲಿ ಜಾತಿ ನೋಡಿ ಕೂರಿಸುವ ಪದ್ಧತಿಯಿತ್ತು. ಎಂ.ಟಿ.ಆರ್.ನ ಮೊದಲ ಹೆಸರೇ ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಎಷ್ಟೋ ಊರುಗಳಲ್ಲಿ ದಲಿತರಿಗೆ ಒಳಗೆ ಪ್ರವೇಶವಿರಲಿಲ್ಲ. ಹೊರಗೆ ಬೇರೆ ಲೋಟ ಇಡುತ್ತಿದ್ದರು. ತನ್ನ ಲೋಟವನ್ನು ತಾನೇ ತೊಳೆದಿಟ್ಟು ಹೋಗಬೇಕಾದ ಅವಮಾನವನ್ನು ನುಂಗಿದ ಹಿರಿಯರು ಬಹಳ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಸ್ಪಷ್ಟವಾಗಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹ ಮಾಡಿತು. ಕಾನೂನು ಬಂದ ದಿನವೇ ಎಲ್ಲ ಸರಿಹೋಗಲಿಲ್ಲ. ಆದರೂ ಗೊತ್ತುಗುರಿಯಿಲ್ಲದ ಇಬ್ಬರು ಒಂದೇ ಬೆಂಚಿನಲ್ಲಿ ಕೂತು, ಒಂದೇ ಹಂಡೆಯ ನೀರಿನಲ್ಲಿ ತೊಳೆದ ಲೋಟಗಳಲ್ಲಿ ಕಾಫಿ ಕುಡಿಯುವುದನ್ನು ನಮ್ಮ ಸಮಾಜ ಕಲಿತ ಜಾಗಗಳಲ್ಲಿ ಹೋಟೆಲು ದೊಡ್ಡದು. ಮಾಸ್ತಿಕಟ್ಟೆಯಂಥ ಯೋಜನೆಯ ಊರುಗಳಲ್ಲಿ, ಎಲ್ಲಿಂದಲೋ ಬಂದ ಎಲ್ಲ ಬಗೆಯ ಜನ ಒಟ್ಟಿಗೆ ದುಡಿಯುವಲ್ಲಿ, ಇದು ಇನ್ನಷ್ಟು ಬೇಗ ರೂಢಿಯಾಗುತ್ತದೆ.

ಬೋರ್ಡಿನ ಮೇಲೆ ಹೆಸರಿಲ್ಲದವರು

ಮಯ್ಯರ, ಅಡಿಗರ, ಕೃಷ್ಣರಾಯರ ಹೆಸರು ಉಳಿಯಿತು. ಆದರೆ ಒಬ್ಬ ಮಾಣಿ ಮಾಲೀಕನಾದರೆ, ಹಿಂದೆ ಎಷ್ಟೋ ಮಂದಿ ಮಾಣಿಗಳಾಗಿಯೇ ಉಳಿದರು. ಬೆಳಗಿನ ಜಾವದಿಂದ ರಾತ್ರಿ ಬಾಗಿಲು ಹಾಕುವವರೆಗೆ ದುಡಿದು, ಎಲ್ಲರೂ ಹೋದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗಿದ ಹುಡುಗರು ಅವರು. ಮಳೆಗಾಲದಲ್ಲಿ ನೀರಲ್ಲೇ ನೆನೆದು ಬಿರಿದ ಬೆರಳುಗಳು, ಹಬ್ಬಕ್ಕೂ ಊರಿಗೆ ಹೋಗಲಾಗದ ಸಂಕಟ, ತಿಂಗಳಿಗೊಮ್ಮೆ ಊರಿಗೆ ಕಳಿಸುವ ಮನಿಯಾರ್ಡರು. ಆ ಮನಿಯಾರ್ಡರಿನಿಂದ ಊರಿನಲ್ಲಿ ತಂಗಿಯ ಮದುವೆಯಾಯಿತು, ತಮ್ಮನ ಓದು ನಡೆಯಿತು. ಕಳಿಸಿದವನ ಓದು ಮಾತ್ರ ನಿಂತಲ್ಲೇ ನಿಂತಿತು.

ಕೆಲವರು ಅದಕ್ಕೂ ದಾರಿ ಹುಡುಕಿದರು. ಮುಂಬಯಿಯಲ್ಲಿ ಕನ್ನಡಿಗರ ಸಂಘ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಪಾಟಿಯ ಮುಂದೆ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದರು. ಅಲ್ಲಿಂದ ಬ್ಯಾಂಕು, ಕಚೇರಿ, ಕಾಲೇಜುಗಳಿಗೆ ಹೋದವರೂ ಇದ್ದಾರೆ. ನಿದ್ದೆಗಣ್ಣಿನಲ್ಲಿ ಕಲಿತ ಆ ಅಕ್ಷರಗಳ ಬೆಲೆ ಅವರಿಗೆ ಗೊತ್ತು.

ಇಂದು ಹತ್ತು ವರ್ಷದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆಯುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯ ಪಟ್ಟಿಗೆ ಹೋಟೆಲು, ಢಾಬಾ, ಚಹಾ ಅಂಗಡಿಗಳು ಸೇರಿದ್ದು ಬಹಳ ತಡವಾಗಿ, 2006ರ ಅಕ್ಟೋಬರ್ 10ರಂದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಬಂತು. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದಿತು. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯವರ ಅಂಗಡಿಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಲು ಅವಕಾಶವಿದೆ. ಆದ್ದರಿಂದ ಎಲ್ಲಾದರೂ ಹೋಟೆಲಿನಲ್ಲಿ ತನ್ನ ಮಗನಷ್ಟೇ ವಯಸ್ಸಿನ ಹುಡುಗ ಮೇಜು ಒರೆಸುತ್ತಿದ್ದರೆ, ಅವನನ್ನು ತೋರಿಸಿ ಮಗನನ್ನು ಹೆದರಿಸುವುದು ತಂದೆತಾಯಿಯ ಕೆಲಸವಲ್ಲ. ‘ಶಾಲೆಗೆ ಏಕೆ ಹೋಗಿಲ್ಲ?’ ಎಂದು ಹೋಟೆಲಿನವರನ್ನು ಕೇಳಬೇಕು. ಉತ್ತರ ಸರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಕಲಿತು ಬರುವ ಅಡುಗೆಮನೆ

ಹಾಗಾದರೆ ಹೋಟೆಲಿನ ಕೆಲಸ ಓದದವರಿಗೆ ಮಾತ್ರವೇ? ಆ ಕಾಲ ಹೋಗಿದೆ. ಮಣಿಪಾಲದಲ್ಲಿ 1980ರ ದಶಕದಲ್ಲೇ ಹೋಟೆಲ್ ಆಡಳಿತದ ಕಾಲೇಜು ಆರಂಭವಾಯಿತು. ಬೆಂಗಳೂರಿನಲ್ಲಿ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ದ್ವಿತೀಯ ಪಿಯುಸಿ ಮುಗಿಸಿ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಆಹಾರದ ವಿಜ್ಞಾನದಲ್ಲಿ ಆಸಕ್ತಿ ಇದ್ದವರಿಗೆ ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಹಿಟ್ಟು ಏಕೆ ಉಬ್ಬುತ್ತದೆ ಎಂಬ ಪ್ರಶ್ನೆಯನ್ನೇ ಜೀವಮಾನದ ಕೆಲಸ ಮಾಡಿಕೊಂಡವರು ಅಲ್ಲಿದ್ದಾರೆ.

ಇತ್ತ ಹಳೆಯ ಹೋಟೆಲುಗಳ ಚಿಂತೆ ಬೇರೆ. ಮಾಲೀಕರ ಮಕ್ಕಳು ಎಂಜಿನಿಯರುಗಳಾಗಿದ್ದಾರೆ. ನಗರದ ಕಾವಲಿಗಳ ಮುಂದೆ ಈಗ ಈಶಾನ್ಯ ರಾಜ್ಯಗಳಿಂದ, ಬಿಹಾರ, ಒಡಿಶಾಗಳಿಂದ ಬಂದ ಯುವಕರು ನಿಂತಿದ್ದಾರೆ. ‘ಎರಡು ಮಸಾಲೆ, ಒಂದು ಖಾಲಿ’ ಎಂಬಷ್ಟು ಕನ್ನಡವನ್ನು ಅವರು ಬೇಗ ಕಲಿತಿದ್ದಾರೆ. ನೂರು ವರ್ಷದ ಹಿಂದೆ ಕೋಟದ ಹುಡುಗನಿಗೆ ಬೆಂಗಳೂರು ಎಷ್ಟು ದೂರವಾಗಿತ್ತೋ ಇವರಿಗೂ ಅಷ್ಟೇ ದೂರ. ಅವರಿಗೂ ಊರಿನಲ್ಲಿ ತಾಯಿ ಇದ್ದಾಳೆ, ಓದುವ ತಮ್ಮ ಇದ್ದಾನೆ.

ಮಾಸ್ತಿಕಟ್ಟೆಯಲ್ಲಿ ಮಳೆ ಬಿಡದಿದ್ದರೂ ಬಸ್ಸು ಹೊರಡಲೇಬೇಕು. ಕಂಡಕ್ಟರನ ಸೀಟಿ ಕೇಳಿ ಜನ ಗಡಿಬಿಡಿಯಿಂದ ಏಳುತ್ತಾರೆ. ಹತ್ತಿರದ ಮಾಣಿಯ ನೀರು ಘಟ್ಟದೊಳಗೆ ಇಳಿದು ಹೊಸಂಗಡಿಯಲ್ಲಿ ವಿದ್ಯುತ್ತಾಗುತ್ತದೆ. ಅದರಲ್ಲೊಂದು ಪಾಲು ಯಾವುದೋ ನಗರದ ಹೋಟೆಲಿನ ಗ್ರೈಂಡರನ್ನು ತಿರುಗಿಸುತ್ತಿರಬಹುದು. ಆ ನೀರಿನ ಊರಿಗೂ ಹೋಟೆಲಿನ ಹುಡುಗನಿಗೂ ಒಂದೇ ಹೆಸರು ಸಿಕ್ಕಿದ್ದು ಆಕಸ್ಮಿಕವೇ ಇರಬಹುದು.

ಇನ್ನು ಆ ಹಳೆಯ ಮಾತು. ಮಗುವಿಗೆ ‘ಓದು’ ಎಂದು ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದರಿಸಲು ಲೋಟ ತೊಳೆಯುವವನನ್ನು ಬೆರಳು ಮಾಡಿ ತೋರಿಸುವ ಅಗತ್ಯವಿಲ್ಲ. ಓದಲು ಆಸೆಯಿದ್ದೂ ಓದಲಾಗದ ಹುಡುಗರು ತೊಳೆದಿಟ್ಟ ಲೋಟಗಳಲ್ಲಿ ಈ ನಾಡು ಬಹಳ ವರ್ಷ ಕಾಫಿ ಕುಡಿದಿದೆ. ಹೊರಡುವ ಮುನ್ನ ಕುಡಿದ ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿಟ್ಟು, ತಂದುಕೊಟ್ಟವನ ಮುಖ ನೋಡಿ, ‘ಕಾಫಿ ಚೆನ್ನಾಗಿತ್ತು’ ಎಂದು ಒಂದು ಮಾತು ಹೇಳಿದರೆ ಮಗುವೂ ಅದನ್ನು ನೋಡಿ ಕಲಿಯುತ್ತದೆ.